ಹಲಗೆ ನೆಲದ ಮೇಲೆ ನನ್ನ ಬೀರು

ಕೊಟ್ಟೂರಿನಲ್ಲಿ ನಮಗೆ ಬಾಡಿಗೆಗೆ ಸಿಕ್ಕ ಮಹಡಿಗೆ ಸಾಗವಾನಿ ಹಲಗೆಯ ನೆಲ. ಕೆಳಗೆ ಮನೆಯೊಡತಿ ಚಾಚಿಯ ಸಂಸಾರ. ಆ ನೆಲ ಹಾಕಿದವರು ಬಡಗಿಯಾಗಿದ್ದ ಅವರ ಗಂಡ. ಅವರು ತೀರಿಕೊಂಡು ವರ್ಷಗಳಾಗಿದ್ದವು. "ಒಂದು ಗೀರು ಬಿತ್ತೋ, ಮನಿ ಖಾಲಿ ಮಾಡ್ರಿ ಟೀಚರಮ್ಮಾ" ಎಂದು ಚಾಚಿ ಮೊದಲ ದಿನವೇ ಹೇಳಿಬಿಟ್ಟಿದ್ದರು. ನನ್ನ ಶಾಲೆ ಎದುರಿಗೇ ಇತ್ತು, ಕಿಟಕಿ ತೆರೆದರೆ ಗಾಳಿಯೋ ಗಾಳಿ. ಇಂಥ ಮನೆ ಬಿಡಲು ನನಗೇನು ಹುಚ್ಚೇ?

ನನ್ನ ಗ್ರಹಚಾರ, ತವರಿನಿಂದ ಕಬ್ಬಿಣದ ಬೀರು ಬಂತು. ನನ್ನ ಗಂಡ, ಅವರ ಇಬ್ಬರು ಗೆಳೆಯರು ಅದನ್ನು ಮೆಟ್ಟಿಲು ಹತ್ತಿಸುವಷ್ಟರಲ್ಲೇ ಸುಸ್ತಾಗಿ ಕೂತರು. ಬಾಗಿಲಿನಿಂದ ಆಚೆ ಗೋಡೆಯವರೆಗೆ ಎಳೆಯುವುದೊಂದೇ ದಾರಿ.

ಮೊಣಕಾಲು ನೋವಿನ ಚಾಚಿ ಮೇಲೆ ಬರುತ್ತಿರಲಿಲ್ಲ. ಬೀರುವಿನ ಕೆಳಗೆ ಹಾಸಲು ತಮ್ಮ ಕರಿ ಕಂಬಳಿ ಕಳಿಸಿ, ಕೆಳಗೆ ನಿಂತು ಕೋಲಿನಿಂದ ಸೂರು ಕುಟ್ಟತೊಡಗಿದರು.

"ಟಕ್ ಅಂದಲ್ಲಿ ಜಂತಿ ಐತಿ. ಅದರ ಮ್ಯಾಲೇ ಹೋಗ್ರಿ! ನಡುವ ಹೋದ್ರ ಹಲಗಿ ಬಾಗತಾವ!"

ಅಷ್ಟು ಒಳ್ಳೆಯ ಕಂಬಳಿ ಹರಿದೀತೆಂದು ನನಗೆ ಜಿಪುಣ ಬುದ್ಧಿ ಬಂತು. ಅದನ್ನು ಮಡಚಿ ಪಕ್ಕಕ್ಕಿಟ್ಟು, ಶೇಂಗಾ ತುಂಬಿ ತಂದಿದ್ದ ಗೋಣಿಚೀಲ ಹಾಸಿದೆ. ಕೊಡವುವ ಬುದ್ಧಿಯೂ ಬರಲಿಲ್ಲ ನೋಡಿ! ಚೀಲದ ತುಂಬ ಹೊಲದ ಮರಳು. ಎರಡು ಮಾರು ಎಳೆದಿದ್ದರೋ ಇಲ್ಲವೋ, ಕರ್ರ್ ಎಂದಿತು.

"ನಿಲ್ಲಸ್ರಿ!" ಕೆಳಗಿನಿಂದ ಚಾಚಿ ಚೀರಿದರು. "ಯಾ ಅಲ್ಲಾ! ಅದು ಕಂಬಳಿ ಸಪ್ಪಳ ಅಲ್ಲ!"

ಗೇಣುದ್ದದ ಗೀರು.

"ನಿನ್ನ ಶ್ಯಾಣೇತನಕ್ಕ ಬೆಂಕಿ ಹಚ್ಚ" ಅಂದರು ಗಂಡ.

"ಬಾಯಿ ಮುಚ್ಚಿಕೊಂಡಿರ್ರಿ" ಅಂದೆ. ಅಷ್ಟರಲ್ಲಾಗಲೇ ಚಾಚಿ ಒಂದೊಂದೇ ಮೆಟ್ಟಿಲಿಗೆ ಕೂತು ಎದ್ದು ಮೇಲೆ ಬರುತ್ತಿದ್ದರು.

ಬಂದವರೇ ಬಗ್ಗಿ ಗೀರಿನ ಮೇಲೆ ಅಂಗೈ ಆಡಿಸಿದರು.

"ತಪ್ಪು ನಂದು ಚಾಚಿ. ನೀವು ಬೈರಿ, ಹೊಡೀರಿ, ಮನಿ ಮಾತ್ರ ಬಿಡಸಬ್ಯಾಡ್ರಿ" ಅಂದೆ.

ಅವರು ಮೂಲೆಗೆ ಹೋಗಿ ನಮ್ಮ ಚಾಪೆ ಸರಿಸಿದರು. ಅಲ್ಲಿ ನಾನು ಎಂದೂ ಗಮನಿಸದ, ಮೊಳದುದ್ದದ ಹಳೆಯ ಗೀರು!

"ಇದು ನಂದು. ಮದುವಿ ಆದ ಹೊಸದಾಗಿ ಪೆಟ್ಟಿಗಿ ಎಳದಿದ್ದೆ. ಅವರು ಮೂರು ದಿನ ಮಾತು ಬಿಟ್ಟಿದ್ರು." ಹೇಳುತ್ತಲೇ ನಕ್ಕರು, ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನಿನಗೂ ಅಷ್ಟ ಶಿಕ್ಷಾ. ಮೂರು ದಿನ ನಿನ್ನ ಕೂಡ ಮಾತಾಡಂಗಿಲ್ಲ."

"ಮನಿ?"

"ಮನಿ ಎಲ್ಲಿಗೆ ಹೋಗತೈತಿ? ಇರ್ರಿ ಸುಮ್ನ."

ಕಂಬಳಿ ಹಾಸಿ ಬೀರು ಎಳೆದೆವು, ಬೆಣ್ಣೆಯಂತೆ ಸರಿಯಿತು. ಅದು ಗೋಡೆ ಸೇರುವವರೆಗೂ ಚಾಚಿ ಅಲ್ಲೇ ನಿಂತಿದ್ದು, ಆಮೇಲೆ ಇಳಿಯಲು ಮೆಟ್ಟಿಲ ಬಳಿ ಹೋಗಿ ನನ್ನತ್ತ ತಿರುಗಿದರು. ಶಿಕ್ಷೆ ಶುರುವಾಯಿತಲ್ಲ ಎಂದು ನಾನು ತಲೆ ತಗ್ಗಿಸಿ ದೂರವೇ ಉಳಿದೆ.

"ಮಾತಾಡಂಗಿಲ್ಲ ಅಂದೀನಿ" ಅಂದರು ಚಾಚಿ, ಕೈ ಚಾಚಿ. "ಕೈ ಹಿಡೀಬ್ಯಾಡ ಅಂದಿಲ್ಲ."