ಜೀಪಿಗೆ ಕೊಟ್ಟ ನೀರು

ನಮ್ಮ ಜೀಪು ಆ ಮನೆಯ ಮುಂದೆ ಎಷ್ಟು ಹೊತ್ತು ನಿಂತಿತ್ತೋ ನನಗೆ ಖಂಡಿತವಾಗಿ ಗೊತ್ತಿಲ್ಲ. ನಾನು ಕೆಳಗಿಳಿದೆನೋ ಇಲ್ಲವೋ, ಅದೂ ಸರಿಯಾಗಿ ನೆನಪಿಲ್ಲ. ಇಳಿಯಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಹೇಳಿ ಹೇಳಿ ಅದೇ ನಿಜವಾಗಿರಬಹುದು. ನಾನು ಮೈಸೂರಿನಲ್ಲಿ ತತ್ವಶಾಸ್ತ್ರ ಓದಿ ಪೊಲೀಸು ಸೇರಿದವನು. ಸಾಕ್ಷಿದಾರ ಪ್ರತಿ ಸಲವೂ ಅದೇ ಮಾತುಗಳಲ್ಲಿ ಕತೆ ಹೇಳಿದರೆ ಅನುಮಾನಪಡಬೇಕು ಎಂದು ಇಲಾಖೆಯೂ ಕಲಿಸಿತು. ನನ್ನ ಈ ಕತೆ ಪ್ರತಿ ಸಲವೂ ಅದೇ ಮಾತುಗಳಲ್ಲಿ ಬರುತ್ತದೆ.

ತೊಂಬತ್ತರ ದಶಕದಲ್ಲಿ ನನ್ನನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಒಳಗೇ ಸುತ್ತಿಸಿದರು. ಹೋದಲ್ಲೆಲ್ಲ ನಮ್ಮ ಮೇಲೆ ದೂರು. ಬೀಟಿನ ಪೊಲೀಸು ಸೀಟಿ ಊದುವುದೇ ಇಲ್ಲ ಎಂದು ಪಾಲಹಳ್ಳಿ ಕಡೆಯವರು. ಊದಿ ಊದಿ ನಿದ್ದೆ ಕೆಡಿಸುತ್ತಾನೆ ಎಂದು ಪಾಂಡವಪುರದ ಒಂದು ಬೀದಿಯವರು. ಕೆ.ಆರ್. ಪೇಟೆಯಲ್ಲಿ ಒಬ್ಬ ತಾಯಿ, ಮಗನನ್ನು ಹಿಡಿದು ತಂದದ್ದಕ್ಕೆ ಠಾಣೆಯ ಮುಂದೆ ಅತ್ತವಳು, ಬಿಟ್ಟು ಕಳಿಸಿದ ಮೇಲೆ ಮತ್ತೆ ಬಂದಳು: "ಇನ್ನೊಂದಿನ ಮಡೀಕಂಡು ಬುದ್ಧಿ ಕಲಿಸ್ಬಾರ್ದಾಗಿತ್ತಾ ಸಾ? ಇಷ್ಟ್ ಬ್ಯಾಗ ಬುಟ್ಬುಟ್ರಲ್ಲ!" ಇಂಥವನ್ನು ಕೇಳಿ ನಗುವುದು ನಮಗೆ ಅಭ್ಯಾಸವಾಗಿತ್ತು. ನಾಗಮಂಗಲದಲ್ಲಿ ಸಬ್ ಇನ್ಸ್‌ಪೆಕ್ಟರನಾಗಿದ್ದಾಗ ಬಂದ ಈ ದೂರಿಗೂ ಮೊದಲು ನಕ್ಕೆವು.

ದೂರು ತಂದವನು ಬಿಂಡಿಗನವಿಲೆ ಕಡೆಯ ಒಬ್ಬ ರೈತ, ಐವತ್ತು ದಾಟಿದವನು. ಹೆಗಲ ಮೇಲಿನ ಟವಲು ತೆಗೆಯದೆ ನನ್ನ ಮೇಜಿನ ಮುಂದೆ ನಿಂತ.

"ನಿಮ್ ಮ್ಯಾಲೇ ಕಂಪ್ಲೇಂಟ್ ಕೊಡಕ್ ಬಂದಿವ್ನಿ ಸಾ."

"ನಾವೇನು ಮಾಡಿದೆವಯ್ಯ?"

"ಜೀಪ್ ನಿಲ್ಸುದ್ರಿ."

ಪಕ್ಕದಲ್ಲಿದ್ದ ದಫೇದಾರರು ಜೋರಾಗಿ ನಕ್ಕರು. ಅವನು ನಗಲಿಲ್ಲ.

ಹಿಂದಿನ ವಾರ ಅವರ ಊರಿನ ಮೇಲೆ ಬರುವಾಗ ಜೀಪಿನ ರೇಡಿಯೇಟರು ಕುದಿದು ಹಬೆ ಎದ್ದಿತ್ತು. ಡ್ರೈವರು ಎದುರಿಗೆ ಸಿಕ್ಕ ಮನೆಯಲ್ಲಿ ನೀರು ಕೇಳಿದ. ಕೊಟ್ಟರು. ಹುಯ್ದುಕೊಂಡು ಹೊರಟೆವು. ನಮ್ಮ ಪಾಲಿಗೆ ಅಷ್ಟೇ. ಆದರೆ ಅದು ಈ ರೈತನ ಮನೆ. ಅವನ ಮಗಳಿಗೆ ಕೆ.ಆರ್. ಪೇಟೆ ಕಡೆಯ ಗಂಡು ಕೂಡಿಬಂದಿತ್ತು. ವೀಳ್ಯಶಾಸ್ತ್ರಕ್ಕೆ ಬರಬೇಕಿದ್ದ ಗಂಡಿನವರು ಬರಲೇ ಇಲ್ಲ. ಆ ಮನೆಗೆ ಪೊಲೀಸು ಬಂದಿತ್ತು ಎಂದು ಬಸ್ಸಿನಲ್ಲಿ ಯಾರೋ ಆಡಿದ ಮಾತು, ಗಂಡಿನ ಊರು ಮುಟ್ಟುವ ಹೊತ್ತಿಗೆ, ಹುಡುಗಿಯ ಅಣ್ಣನನ್ನು ಜೀಪಿಗೆ ಹತ್ತಿಸಿಕೊಂಡು ಹೋದರು ಎಂದಾಗಿತ್ತು.

"ನೀರಿಗೆ ನಿಲ್ಲಿಸಿದ್ದು ಅಂತ ಹೇಳಬೇಕಿತ್ತು," ಎಂದೆ.

"ಏಳ್ದೆ ಸಾ. ಪೊಲೀಸ್ನೋರು ಬರೀ ನೀರ್ಗೆ ಬತ್ತಾರಾ ಅಂತ ನಗ್ತಾವ್ರೆ."

"ಹಾಗಾದರೆ ಗಂಡಿನ ಮನೆಗೆ ಒಬ್ಬ ಕಾನ್‌ಸ್ಟೇಬಲನನ್ನು ಕಳಿಸಿ ಹೇಳಿಸುತ್ತೇನೆ."

ಅವನು ಎರಡೂ ಕೈ ಅಡ್ಡ ಹಿಡಿದ. "ಬ್ಯಾಡ ಸಾ! ಅವ್ರ ಮನೆ ಮುಂದ್ಕೂ ಪೊಲೀಸ್ ಓದ್ರೆ ಮುಗೀತು ಕತೆ!"

ದಫೇದಾರರ ನಗು ಆಗ ನಿಂತಿತು. ಆ ಮನೆಯವರನ್ನು ಬಿಟ್ಟರೆ ಇಡೀ ತಾಲ್ಲೂಕಿನಲ್ಲಿ ಈ ನಿಜ ಗೊತ್ತಿದ್ದವರು ನಾವು. ನಾವೇ ಹೇಳಿದರೆ ಅದು ಇನ್ನಷ್ಟು ಸುಳ್ಳಾಗುತ್ತಿತ್ತು.

ಉಪಾಯವನ್ನೂ ಅವನೇ ಯೋಚಿಸಿಕೊಂಡು ಬಂದಿದ್ದ. "ನೀವೇ ಬನ್ನಿ ಸಾ. ಇದೇ ಬಟ್ಟೇಲಿ, ಅಗ್ಲೊತ್ನಲ್ಲಿ. ನಮ್ ಜಗ್ಲಿ ಮ್ಯಾಲೆ ಕುಂತ್ಕಂಡು ಒಂದ್ ಮುದ್ದೆ ಉಣ್ಣಿ. ಕೇಸಿರೋ ಮನೇಲಿ ಪೊಲೀಸ್ನೋರು ಉಣ್ಣಾಕಿಲ್ಲ ಅಂತ ಎಲ್ಲಾರ್ಗೂ ಗೊತ್ತದೆ."

"ಅಷ್ಟಾದ್ರೂ ನಂಬವ್ರಲ್ಲ ನಮ್ಮನ್ನ," ಎಂದರು ದಫೇದಾರರು.

ಹೋದೆ. ಜಗಲಿಯ ಮೇಲೆ ಚಾಪೆ ಹಾಕಿದ್ದರು. ಮುದ್ದೆ, ಹುರುಳಿ ಬಸ್ಸಾರು. ಬೀದಿಯವರೆಲ್ಲ ಏನೋ ಕೆಲಸವಿದ್ದವರ ಹಾಗೆ ಆಚೀಚೆ ಓಡಾಡತೊಡಗಿದರು. ಎದುರು ಜಗಲಿಯ ಮುದುಕ ಕೂಗಿದ: "ಏನ್ಲಾ, ಪೊಲೀಸ್ನೋರು ಬೀಗ್ರಾಗ್ಬುಟ್ರೇನ್ಲಾ?"

"ಊಂ ಕಣ್ಲಾ! ನಿಂಗ್ಯಾಕ್ಲಾ ಒಟ್ಟೆಕಿಚ್ಚು?" ಎಂದ ರೈತ. ಅವನ ದನಿಯಲ್ಲಿ ಮೊದಲ ಸಲ ಗೆಲುವು ಕೇಳಿಸಿತು.

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಬಂದಳು. "ಅವ್ರ ಮನೇಲೇ ಯಾಕ್ ಸಾ ಊಟ? ನಾವೇನ್ ಕಳ್ರಾ?" ಊಟ ಮುಗಿಯುವ ಮೊದಲೇ ಇನ್ನೊಂದು ದೂರು.

ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಚೊಂಬು ಹಿಡಿದು ಬಂದವಳು ಆ ಹುಡುಗಿ. ನೀರು ಹಾಕುತ್ತಾ, ತಲೆ ಎತ್ತದೆ ಹೇಳಿದಳು: "ಅವತ್ತು ನೀರ್ ಕೊಟ್ಟೋಳು ನಾನೇ ಸಾ. ಯಾಕಾರ ಕೊಟ್ಟೆ ಅಂತ ದಿನಾ ಅಂತಾವ್ರೆ."

ನಾನು ಏನು ಹೇಳಿದೆ? ಕೊಟ್ಟದ್ದರಲ್ಲಿ ತಪ್ಪಿಲ್ಲಮ್ಮ ಎಂದೆ ಎಂದು ನನ್ನ ನೆನಪು ಹೇಳುತ್ತದೆ. ಅದು ನನಗೆ ಬಹಳ ಅನುಕೂಲವಾದ ನೆನಪು. ಏನೂ ಹೇಳದೆ ಕರವಸ್ತ್ರ ಹುಡುಕಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಲಾಠಿ ಎತ್ತದೆ, ಬೈಯದೆ, ಬರೀ ಹಾದುಹೋಗುವುದರಿಂದಲೇ ಒಂದು ಮನೆಗೆ ಇಷ್ಟು ಮಾಡಬಹುದು ಎಂದು ನನಗೆ ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ಕೆಲವೇ ದಿನಗಳಲ್ಲಿ ನನಗೆ ವರ್ಗವಾಯಿತು. ಗೆಳೆಯರ ನಡುವೆ ಈ ಕತೆ ಹೇಳುವಾಗಲೆಲ್ಲ, ಮರುವಾರವೇ ಗಂಡಿನವರು ತಾಂಬೂಲ ಹಿಡಿದು ಬಂದರು ಎಂದು ಮುಗಿಸುತ್ತಿದ್ದೆ. ಅದನ್ನು ನಾನು ಕಂಡಿರಲಿಲ್ಲ. ಯಾರೂ ನನಗೆ ಹೇಳಿಯೂ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಬೆಳ್ಳೂರು ಕ್ರಾಸಿನ ಹೋಟೆಲೊಂದರಲ್ಲಿ ಆ ರೈತ ಸಿಕ್ಕ. ಗುರುತು ಹಿಡಿದವನು ಅವನೇ. ಹುರುಳಿ ಬಸ್ಸಾರಿನ ಮಾತು ತೆಗೆದೆ. "ಎಲ್ಲುಂಡ್ರಿ ಸಾ? ಎಲ್ಡ್ ತುತ್ತು ಮುರ್ಕಂಡು ಎದ್ಬುಟ್ರಿ. ಅದೂ ಬಸ್ಸಾರಲ್ಲ, ಅವರೇಕಾಳು," ಎಂದ. ಮಗಳ ವಿಷಯ ಕೇಳಲು ನನಗೆ ಭಯವಾಯಿತು. ಆದರೂ ಕೇಳಿದೆ. "ಮದ್ವೆ ಆಯ್ತಲ್ಲ ಸಾ, ಅಲ್ಲೀಗೇ," ಎಂದ. ಅಷ್ಟರಲ್ಲಿ ಅವನ ಬಸ್ಸು ಬಂತು.

ನನ್ನ ಸಮಾಧಾನಕ್ಕೆ ಹೇಳಿದನೇನೋ ಎಂಬ ಅನುಮಾನ ಹೋಗಲಿಲ್ಲ. ಒಂದು ದಿನ ಪಂಚೆ ಉಟ್ಟು, ಬಸ್ಸು ಹಿಡಿದು, ಕೆ.ಆರ್. ಪೇಟೆ ಕಡೆಯ ಆ ಗಂಡಿನ ಊರಿಗೆ ಹೋದೆ. ಟೀ ಅಂಗಡಿಯಲ್ಲಿ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿದೆ. ನನ್ನ ಊಟದಿಂದ ಆಯಿತೋ, ತಾನಾಗಿಯೇ ಆಯಿತೋ ಅವರಿಗೆ ಗೊತ್ತಿರಲಿಲ್ಲ. ಜೀಪಿನ ಮಾತನ್ನು ಅವರು ಕೇಳಿಯೇ ಇರಲಿಲ್ಲ. ಮದುವೆ ಮಾತ್ರ ಆ ವರ್ಷವೇ ಆಗಿತ್ತು, ಅದೇ ಗಂಡಿನ ಜೊತೆ.