ಠ ಹೊಟ್ಟೆಯೊಳಗಿನ ಚುಕ್ಕೆ

"ಠ ಹೊಟ್ಟೇಲಿ ಚುಕ್ಕೆ ಕಾಣ್ತಿದೆಯಾ?"

ದೆಹಲಿಯ ಕಿದ್ವಾಯಿ ನಗರದ ಕಣ್ಣಿನ ಡಾಕ್ಟರು ನಾಗಭೂಷಣ ಕುಶಲ ವಿಚಾರಿಸುತ್ತಿದ್ದುದೇ ಹೀಗೆ. ಕನ್ನಡದವರಿಗೆಂದು ಅವರು ಕೈಯಾರೆ ಬರೆದ ಅಕ್ಷರಗಳ ಪಟವೊಂದು ಗೋಡೆಯ ಮೇಲಿತ್ತು. ಕೊನೆಯ ಸಾಲಿನಲ್ಲಿ ರ, ಠ, ದ, ಧ. ಚುಕ್ಕೆ ಕಾಣದಿದ್ದರೆ ಠ ಕೂಡ ರ.

ದೆಹಲಿಯಲ್ಲಿ ಬೆಳೆದ ನಾನು ಎರಡನ್ನೂ ರ ಎಂದೇ ಓದಿದೆ. ಅವರು ಕನ್ನಡಕ ಬರೆಯಲು ಪೆನ್ನು ತೆಗೆದರು. "ಡಾಕ್ಟ್ರೇ, ಇವಳಿಗೆ ಆ ಅಕ್ಷರಾನೇ ಗೊತ್ತಿಲ್ಲ!" ಎಂದಳು ಅಮ್ಮ. "ಅಚ್ಛಾ! ಕಣ್ಣು ಫಸ್ಟ್ ಕ್ಲಾಸು, ಕನ್ನಡ ಫೇಲು!" ಆಗ ನನಗೆ ಎಂಟು ವರ್ಷವೋ ಹನ್ನೊಂದೋ, ಕೇಳಿದಾಗಲೆಲ್ಲ ಅಮ್ಮ ಬೇರೆ ಬೇರೆ ವಯಸ್ಸು ಹೇಳುತ್ತಾಳೆ.

ಕಣ್ಣಿನ ಹಿಂದಿನ ನರದ ಪದರಗಳನ್ನು ಬಿಡಿಸಿ ತೋರಿಸುವ ಸ್ಕ್ಯಾನ್ ಯಂತ್ರ ಬೇರೆ ಕ್ಲಿನಿಕ್ಕುಗಳಿಗೆಲ್ಲ ಬಂದಮೇಲೂ ಅವರು ಕೊಳ್ಳಲಿಲ್ಲ. "ಅದಕ್ಕೆ ಕನ್ನಡ ಬರುತ್ತೇನ್ರೀ?" ಎನ್ನುತ್ತಿದ್ದರು. ಆ ವರ್ಷಗಳಲ್ಲೇ ಅಮ್ಮ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದ್ದಳು. ಡಾಕ್ಟರಿಗೆ ಹೇಳಿದರೆ, "ಸರ್ಕಾರಿ ಕ್ವಾರ್ಟರ್ಸು ಶಾರದಕ್ಕ, ಬಾಗಿಲೇ ಇಕ್ಕಟ್ಟು" ಎಂದು ನಕ್ಕಿದ್ದರು. ಕಣ್ಣಿನ ಒತ್ತಡ ಸರಿಯಿತ್ತು. ಕೊನೆಯ ಸಾಲನ್ನು ಅಮ್ಮ ತಪ್ಪಿಲ್ಲದೆ ಓದುತ್ತಿದ್ದಳು.

ಕೊನೆಗೂ ಯಂತ್ರ ಬಂತು. ಅಮ್ಮ ಎಂದಿನಂತೆ ಪಟ ಓದಿ ಎದ್ದಳು. "ಚಲೋ, ಇದಕ್ಕೂ ಕೆಲಸ ಬೇಕಲ್ಲ, ಕೂತ್ಕೊಳ್ಳಿ" ಎಂದರು. ಪರದೆಯ ಮೇಲೆ ಬಂದ ಚಿತ್ರವನ್ನು ಅವರು ಬಹಳ ಹೊತ್ತು ನೋಡಿದರು. ಎರಡೂ ಕಣ್ಣುಗಳ ನರ ಸವೆದಿತ್ತು. ನಡುವಿನ ನೋಟ ಉಳಿದು, ಅಂಚುಗಳು ಹೋಗಿದ್ದವು.

"ತಪ್ಪು ನಂದು, ಶಾರದಕ್ಕ. ಅಕ್ಷರ ಓದಿಸ್ತಾ ಕೂತೆ. ಬಾಗಿಲು ತಾಗುತ್ತೆ ಅಂದ್ರಿ, ನಕ್ಕೆ."

"ಹೋಗಿದ್ದು ವಾಪಸ್ ಬರುತ್ತಾ?"

"ಇಲ್ಲ. ಇರೋದನ್ನ ಕಾಯ್ಕೋಬೇಕು. ದಿನಾ ಡ್ರಾಪ್ಸು, ಒಂದು ದಿನಾನೂ ಬಿಡೋ ಹಾಗಿಲ್ಲ."

ಅಮ್ಮ ಸುಮ್ಮನೆ ತಲೆಯಾಡಿಸಿದಳೆಂದು ನನ್ನ ನೆನಪು. ಇಲ್ಲ, ಜೋರಾಗಿ ಅತ್ತುಬಿಟ್ಟೆ ಎನ್ನುತ್ತಾಳೆ ಅಮ್ಮ. ಡಾಕ್ಟರನ್ನು ಕೇಳೋಣವೆಂದರೆ ಈಗ ಅವರಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅಮ್ಮನಿಗೆ ಉಳಿದ ನೋಟ ಇನ್ನೂ ಹಾಗೇ ಇದೆ. ಹೊಸ ಡಾಕ್ಟರು ಒಳ್ಳೆಯವರು, ಯಂತ್ರ ಇನ್ನೂ ಒಳ್ಳೆಯದು. ಆದರೂ ಹೊರಬರುವಾಗ ಏನೋ ಮರೆತವಳಂತೆ ಅಮ್ಮ ಹಿಂದಿರುಗಿ ನೋಡುತ್ತಾಳೆ.

ನಾಗಭೂಷಣರನ್ನು ಕೊನೆಯ ಸಲ ಕಂಡದ್ದು ಇಂದಿರಾಪುರಂನ ಅವರ ಫ್ಲ್ಯಾಟಿನಲ್ಲಿ. ಕ್ಲಿನಿಕ್ ಮುಚ್ಚಿದ್ದರು, ತುಂಬ ಸೊರಗಿದ್ದರು. ಸೋಫಾದಲ್ಲಿ ತನ್ನ ಪಕ್ಕಕ್ಕೆ ಕೂತಿದ್ದ ಅವರನ್ನು ಅಮ್ಮ ದನಿ ಕೇಳಿ ಹುಡುಕುತ್ತಿದ್ದಳು. ಅದನ್ನು ಗಮನಿಸಿ ಅವರೇ ಎದ್ದು, ಬೆತ್ತದ ಕುರ್ಚಿಯೊಂದನ್ನು ಎಳೆದುಕೊಂಡು ಬಂದರು.

"ಇಲ್ಲಿ ಕಾಣ್ತೀನಾ?"

"ಇನ್ನೂ ಸ್ವಲ್ಪ ಈ ಕಡೆ, ಡಾಕ್ಟ್ರೇ."

"ಇಲ್ಲಿ?"

"ಹಾಂ. ಈಗ ಪೂರ್ತಿ ಕಂಡ್ರಿ."

ಅಲ್ಲಿ ಬಾಲ್ಕನಿಯ ಬಿಸಿಲು ನೇರ ಅವರ ಕಣ್ಣಿಗೆ ಹೊಡೆಯುತ್ತಿತ್ತು. ನಾವು ಹೊರಡುವವರೆಗೂ ಅವರು ಕುರ್ಚಿ ಸರಿಸಲಿಲ್ಲ.