ಮೂಕಣ್ಣ ಮಾತು ಕಲಿತದ್ದು

ಅರ್ಧ ಆಯುಷ್ಯ ಒಂಟಿಯಾಗಿ ಲಾರಿ ಓಡಿಸಿದವನಿಗೆ ಮಾತಿನ ರೂಢಿ ತಪ್ಪಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಕ್ಲೀನರನ್ನು ಇಟ್ಟುಕೊಂಡರೆ ದಾರಿಯುದ್ದಕ್ಕೂ ಅವನ ಹರಟೆ ಕೇಳಬೇಕಲ್ಲ ಎಂದು ಅವನು ಯಾರನ್ನೂ ಜೊತೆಗೆ ಕರೆದೊಯ್ಯುತ್ತಿರಲಿಲ್ಲ. ಲಾರಿಯವರೆಲ್ಲ ಸೇರಿ ಮೂಕಣ್ಣ ಎಂದು ಹೆಸರಿಟ್ಟರು. ಅದಕ್ಕೂ ಅವನು ತುಟಿ ಬಿಚ್ಚಲಿಲ್ಲ. ಮನೆಯಲ್ಲಿ ಮಾತೆಲ್ಲ ಹೆಂಡತಿಯ ಪಾಲು, ಹೂಂಗುಟ್ಟುವುದು ಇವನ ಪಾಲು. ಅವಳು ತೀರಿಕೊಂಡ ಮೇಲೆ ಹೂಂಗುಟ್ಟುವ ಕೆಲಸವೂ ಉಳಿಯಲಿಲ್ಲ.

ಬೆನ್ನುಮೂಳೆ ಸವೆದಿದೆ, ಇನ್ನು ಲಾರಿ ಹತ್ತಬೇಡಿ ಎಂದು ಡಾಕ್ಟರು ಹೇಳಿದಾಗ ಅವನು ಪಕ್ಕದ ಬೀದಿಯ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕೇಳಿದ. ಕಲಿಸುವವರು ಬೇಕಾಗಿದ್ದರು. ಆದರೆ ಮೊದಲು ಕಲಿಸುವುದನ್ನು ಕಲಿಯಬೇಕು ಎಂದರು. ಗಾಡಿ ಓಡಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಕಲಿಸುವುದರಲ್ಲೇನಿದೆ ಎಂದುಕೊಂಡು ಒಪ್ಪಿದ.

ಮೊದಲು ಸಿಕ್ಕವರು ಒಬ್ಬ ಟೈಲರ್ ಹೆಂಗಸು. ಗಂಡನಿಗೆ ಪಾರ್ಶ್ವವಾಯು ಹೊಡೆದು, ಅವನು ಓಡಿಸುತ್ತಿದ್ದ ಕಾರು ಮನೆ ಮುಂದೆ ಧೂಳು ತಿನ್ನುತ್ತಿತ್ತು. ವಾರವಾರ ಆಸ್ಪತ್ರೆಗೆ ಕರೆದೊಯ್ಯಲು ತಾನೇ ಕಲಿಯಬೇಕೆಂದು ಆಕೆ ಹೊರಟಿದ್ದರು. ಹಿಂದಿನ ಸೀಟಿನಲ್ಲಿ ಇವನಿಗೆ ತರಬೇತಿ ಕೊಡುವ ಮೇಡಂ ಕೂತಿದ್ದರು, ಇವನು ಹೇಗೆ ಕಲಿಸುತ್ತಾನೆಂದು ನೋಡಲೆಂದೇ.

ಮೂಕಣ್ಣನ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಆಕೆ ಎಡವಿದಾಗಲೆಲ್ಲ ಅವನು ಬಾಯಿ ಬಿಡದೆ ಅವುಗಳನ್ನೇ ಒತ್ತಿದ. ತಿರುವಿನಲ್ಲಿ ಸ್ಟೀರಿಂಗನ್ನೇ ಕಿತ್ತುಕೊಂಡು ತಿರುಗಿಸಿದ. ಎದುರಿಗೆ ಸೈಕಲ್ ಬಂದಾಗ ಮಾತ್ರ ಅವನ ಗಂಟಲಿನಿಂದ "ಏಯ್" ಎಂಬ ಶಬ್ದ ಹೊರಟಿತು. ಆಕೆ ಬೆಚ್ಚಿ ಕಾರು ನಿಲ್ಲಿಸಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ನಿಂದ ಆಗಲ್ಲ ಬಿಡಿ ಸರ್" ಎಂದರು.

ಆಕೆ ಇಳಿದುಹೋದ ಮೇಲೆ ಮೇಡಂ ಮುಂದಿನ ಸೀಟಿಗೆ ಬಂದು ಕೂತರು.

"ಅಣ್ಣಾ, ನಿಮ್ಮ ತಲೇಲಿರೋದು ಅವರ ಕಾಲಿಗೆ ಹೇಗೆ ಗೊತ್ತಾಗಬೇಕು?"

ಅವನು ತನ್ನ ಕಾಲ ಬಳಿಯ ಬ್ರೇಕನ್ನೇ ನೋಡಿದ.

"ತಿರುವು ಬರೋಕೆ ಮುಂಚೆ ಹೇಳಿ, ಬಂದ ಮೇಲಲ್ಲ. ಏನು ಮಾಡಬಾರದು ಅನ್ನಬೇಡಿ, ಏನು ಮಾಡಬೇಕು ಅದನ್ನ ಹೇಳಿ. ಆಮೇಲೆ, ಅವರನ್ನೂ ಕೇಳಿ. ಹೌದು, ಇಲ್ಲ ಅಂತ ಮುಗಿದುಹೋಗೋ ಹಾಗೆ ಕೇಳಬೇಡಿ."

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಮೇಡಂ."

"ಕಾರಲ್ಲಿ ಬಂಗಾರ ಬೇಡ. ಬೆಳ್ಳಿನೇ ಸಾಕು."

ಅಂದಿನಿಂದ ಅವನು ಮನೆಯಲ್ಲಿ ಅಭ್ಯಾಸ ಶುರು ಮಾಡಿದ. "ಈಗ ಸ್ಟೌ ಹಚ್ಚೋಣ. ಉರಿ ಸ್ವಲ್ಪ ಕಡಿಮೆ ಮಾಡಿ. ಹಾಂ, ಸರಿಯಾಯ್ತು." ತನ್ನ ದನಿ ತನಗೇ ಯಾರದೋ ಎನಿಸುತ್ತಿತ್ತು. ಒಂದು ಸಂಜೆ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಕೇಳಿದಳು: "ನೆಂಟರು ಬಂದಿದ್ದಾರಾ? ಮಾತು ಕೇಳಿಸ್ತಿತ್ತು."

"ಇಲ್ಲಮ್ಮ, ಯಾರೂ ಇಲ್ಲ" ಎಂದ. ಆಮೇಲೆ ಆ ದಿನ ಮಾತಾಡಲಿಲ್ಲ.

ಪರವೂರಿಗೆ ಮದುವೆಯಾಗಿ ಹೋದ ಮಗಳು ಭಾನುವಾರ ಫೋನ್ ಮಾಡುತ್ತಿದ್ದಳು. ಊಟ ಆಯ್ತಾ, ಆಯ್ತು, ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ, ಇಡಲಾ, ಇಡು. ಅಷ್ಟೇ. ಈ ಸಲ ಅವನು ಮೇಡಂ ಹೇಳಿದಂತೆ ಪ್ರಯತ್ನಿಸಿದ.

"ಈ ವಾರ ನಿನ್ನ ಕೆಲಸದಲ್ಲಿ ಏನು ಕಷ್ಟ ಅನ್ನಿಸ್ತು, ಮಗಾ?"

"ಅಪ್ಪಾ, ಹುಷಾರಾಗಿದ್ದೀಯಾ ತಾನೆ? ಡಾಕ್ಟರು ಏನಾದ್ರೂ ಹೇಳಿದ್ರಾ?"

"ಇಲ್ಲ, ಸುಮ್ಮನೆ ಕೇಳಿದೆ."

"ಬರ್ತೀನಿ ಬೇಕಾದ್ರೆ."

"ಬೇಡ, ಬೇಡ." ಅವನು ಫೋನಿಟ್ಟ. ಮಗಳ ಕಷ್ಟಸುಖ ವಿಚಾರಿಸಿದರೆ ಅಪ್ಪನ ಪ್ರಾಣಕ್ಕೇ ಏನೋ ಬಂದಿದೆ ಎಂದು ಅವಳು ಹೆದರುವಂತಾಗಿತ್ತು.

ಟೈಲರ್ ಹೆಂಗಸನ್ನು ಮೇಡಂ ಹೇಗೋ ಒಪ್ಪಿಸಿ ಮತ್ತೆ ಕರೆತಂದರು. ಸೇತುವೆಯ ಏರಿನಲ್ಲಿ ಕಾರು ಆಫ್ ಆಯಿತು. ಹಿಂದೆ ಬಸ್ಸಿನವನು ಹಾರ್ನ್ ಒತ್ತಿಹಿಡಿದ. ಮೂಕಣ್ಣನ ಕೈ ಸ್ಟೀರಿಂಗಿನತ್ತ ಹೋಗಿ, ಮರಳಿ ತೊಡೆಗೆ ಬಂತು.

"ಅವನು ಕೂಗಿಕೊಳ್ಳಲಿ. ಹ್ಯಾಂಡ್‌ಬ್ರೇಕ್ ಎಳೀರಿ. ಆಯ್ತಾ? ಗೇರು ತೆಗೆದು ಸ್ಟಾರ್ಟ್ ಮಾಡಿ, ಒಂದನೇ ಗೇರಿಗೆ ಹಾಕಿ. ನಿಮ್ಮ ಹೊಲಿಗೆ ಮಿಷನ್ ಮೆಲ್ಲಗೆ ಹೇಗೆ ಶುರು ಮಾಡ್ತೀರಿ?"

"ಕಾಲಿಟ್ಟು, ಸದ್ದು ನೋಡ್ಕೊಂಡು..."

"ಹಾಗೇ ಮಾಡಿ. ಕ್ಲಚ್ಚು ನಿಧಾನ ಬಿಡಿ. ಸದ್ದು ಭಾರ ಆಯ್ತಲ್ಲ? ಈಗ ಬ್ರೇಕು ಇಳಿಸಿ."

ಕಾರು ಏರು ಹತ್ತಿತು. ಸೇತುವೆ ದಾಟಿದ ಮೇಲೆ ಆಕೆ ತಾವಾಗಿಯೇ ಮಾತು ತೆಗೆದರು. ಗಂಡನಿಗೆ ಮಾತು ನಿಂತುಹೋಗಿದೆ, ಮನೆಯಲ್ಲಿ ಇಡೀ ದಿನ ಮಿಷನ್ನಿನ ಸದ್ದೊಂದೇ ಎಂದರು. ಅವನು ಕೇಳಿಸಿಕೊಂಡ. ನಡುವೆ, "ಮುಂದೆ ಬಲಕ್ಕೆ, ಕನ್ನಡಿ ನೋಡಿ" ಎಂದ. ಆಮೇಲೆ, "ನಮ್ಮನೇಲಿ ಅಷ್ಟೂ ಸದ್ದಿಲ್ಲ" ಎಂದ. ಹಾಗೆ ಯಾರಿಗೂ ಅವನು ಹೇಳಿದ್ದಿಲ್ಲ.

ಮುಂದಿನ ಪಾಠಗಳಿಗೆ ಅವನು ಬೇಗನೇ ಬಂದು ಕಾರು ಒರೆಸಿಟ್ಟು ಕಾಯುತ್ತಿದ್ದ. ಆದರೆ ಚೆನ್ನಾಗಿ ಕಲಿಸಿದರೆ ಕಲಿತವರು ಹೊರಟುಹೋಗುತ್ತಾರೆ. ಆಕೆ ಪರೀಕ್ಷೆ ಪಾಸಾದರು. ಆಫೀಸಿಗೆ ಬಂದು ಎಲ್ಲರಿಗೂ ಸಿಹಿ ಹಂಚಿ, ಅವನಿಗೆ ಕೈ ಮುಗಿದು ಹೋದರು. ಅವನೂ ಪಾಸಾಗಿದ್ದ, ಮೇಡಂ ಇನ್ನು ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ ಎಂದರು.

ಕೆಲವು ದಿನಗಳ ಮೇಲೆ ಸಿಗ್ನಲ್ಲಿನಲ್ಲಿ ಆಕೆಯ ಕಾರು ಇವನ ಕಾರಿನ ಪಕ್ಕಕ್ಕೆ ಬಂದು ನಿಂತಿತು. ಗಂಡ ಪಕ್ಕದಲ್ಲಿದ್ದ. ಆಕೆ ರಸ್ತೆಯ ಮೇಲೆ ಕಣ್ಣಿಟ್ಟು ಅವನಿಗೆ ಏನೋ ಹೇಳುತ್ತಲೇ ಇದ್ದರು, ಅವನು ತಲೆಯಾಡಿಸುತ್ತಿದ್ದ. ಆಕೆ ಇತ್ತ ನೋಡಲಿಲ್ಲ. ಹಸಿರು ಬಿದ್ದೊಡನೆ ಕಾರು ಕುಲುಕದೆ, ನುಣ್ಣಗೆ ಹೊರಟುಹೋದರು.

ಮೂಕಣ್ಣನ ಪಕ್ಕದಲ್ಲಿ ಹೊಸದಾಗಿ ಸೇರಿದ ಕಾಲೇಜು ಹುಡುಗಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

"ಕೈ ಸ್ವಲ್ಪ ಸಡಿಲ ಮಾಡಮ್ಮ," ಎಂದ ಅವನು. "ಈಗ ನಿನಗೆ ಎದುರಿಗೆ ಏನೇನು ಕಾಣಿಸ್ತಿದೆ, ಹೇಳು."